ನೂರರಿಂದ ಇಳಿಯದ ಬ್ಯಾಟರಿ ಮೀಟರ್

ಅಯ್ಯಮ್ಮ ಆ ಬ್ಯಾಟರಿ ಮೀಟರನ್ನು ಮೊದಲು ಕಂಡದ್ದು ಒಂದು ಬುಧವಾರ ಮಧ್ಯಾಹ್ನ. ಅವಳ ತಮ್ಮ ಹಂಪಯ್ಯ ಅದನ್ನು ಶಕ್ತಿನಗರದಿಂದ ದೇವದುರ್ಗದವರೆಗೆ ಬಸ್ಸಿನಲ್ಲಿ ತೊಡೆಯ ಮೇಲೆ ಕೂಡಿಸಿಕೊಂಡು ತಂದಿದ್ದ. ದುಂಡನೆಯ ಮುಖ, ನಡುವೆ ಒಂದು ಅಂಕಿ.

"ಬ್ಯಾಟರಿಯೊಳಗ ಎಷ್ಟು ಉಳದದ ಅಂತ ಇದು ಹೇಳ್ತದ ಯಕ್ಕಾ. ಇಪ್ಪತ್ತೆಂಟು ವರ್ಷ ಇಡೀ ರಾಜ್ಯಕ್ಕ ಕರೆಂಟ್ ಕೊಟ್ಟಾಂವ ನಾನು. ನಿನ್ನ ಒಂದು ಪೆಟ್ಟಿಗಿಗೆ ಕೊಡಾಕ ಆಗಂಗಿಲ್ಲೇನು?"

ಹಂಪಯ್ಯ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಗುತ್ತಿಗೆ ಕೆಲಸದ ಮೇಲೆ ಕಲ್ಲಿದ್ದಲಿನೊಳಗಿನ ಕಲ್ಲು ಆರಿಸುತ್ತಿದ್ದ. ಆದರೂ ಮಾತು ಪೂರಾ ಸುಳ್ಳಲ್ಲ. ಕಲ್ಲು ಆರಿಸದಿದ್ದರೆ ರಾಜ್ಯಕ್ಕೆ ಕರೆಂಟು ಎಲ್ಲಿಂದ ಬರಬೇಕು?

ಪೆಟ್ಟಿಗೆ ಎಂದರೆ ಕೋಳಿಯಿಲ್ಲದೆ ಬಲ್ಬಿನಿಂದಲೇ ತತ್ತಿಗೆ ಕಾವು ಕೊಟ್ಟು ಮರಿ ಮಾಡುವ ಪೆಟ್ಟಿಗೆ. ಮಾಳಿಗೆಯ ಮೇಲೆ ಸೋಲಾರ್, ಕೆಳಗೆ ಹೊಸ ಲೀಥಿಯಂ ಬ್ಯಾಟರಿ, ಪಕ್ಕದಲ್ಲಿ ಇನ್ವರ್ಟರ್. ಒಳಗೆ ಓಣಿಯ ಹೆಂಗಸರು ನಂಬಿ ಕೊಟ್ಟ ಎಂಬತ್ತನಾಲ್ಕು ತತ್ತಿ. ಅಯ್ಯಮ್ಮನಿಗೆ ಅಂಕಿ ಬಿಟ್ಟರೆ ಓದು ಅಷ್ಟಕ್ಕಷ್ಟೆ. ಆದ್ದರಿಂದ ಪ್ರತಿ ತತ್ತಿಯ ಮೇಲೂ ಇದ್ದಿಲಿನ ಗುರುತು ಹಾಕಿದ್ದಳು. ಎದುರು ಮನೆಯ ದುರ್ಗಾದೇವಿಯದಕ್ಕೆ ಎರಡು ಗೆರೆ, ಪಕ್ಕದ ಮನೆಯ ಕಮರುನ್ನೀಸಾಳದಕ್ಕೆ ಅರ್ಧ ಚಂದ್ರ. ಕಮರುನ್ನೀಸಾಳ ಕರಿ ಕೋಳಿಗಳನ್ನೆಲ್ಲ ಮುಂಗುಸಿ ಮುಗಿಸಿತ್ತು. ಆ ತಳಿಯಲ್ಲಿ ಉಳಿದದ್ದು ಈ ಹನ್ನೊಂದು ತತ್ತಿ ಮಾತ್ರ.

"ಒಂದು ತತ್ತಿ ಕೆಟ್ರೂ ನನ್ನ ಅಯ್ಯಮ್ಮ ಅಂತ ಕರೀಬ್ಯಾಡ್ರಿ," ಎಂದು ಅವಳು ನಳದ ಕಟ್ಟೆಯ ಮೇಲೆ ನಿಂತು ಸಾರಿದ್ದಳು.

ಹಂಪಯ್ಯ ಮೊಬೈಲು ಹಿಡಿದು ಮೀಟರಿಗೆ ಪಾಠ ಶುರು ಮಾಡಿದ. ಅದು ಕೇಳುತ್ತಾ ಹೋಯಿತು, ಅಯ್ಯಮ್ಮ ಬ್ಯಾಟರಿಯ ಮೇಲಿನ ಅಂಕಿಗಳನ್ನು ಒಂದೊಂದಾಗಿ ಬೆರಳಿಟ್ಟು ಓದಿ ಹೇಳುತ್ತಾ ಹೋದಳು.

"ಈ ಬ್ಯಾಟರಿ ಯಾವ ಜಾತೀದು ಅಂತ ಕೇಳ್ತದ."

"ಇದಕ್ಕೂ ಬೇಕೇನು ಅದು? ಲೀಥಿಯಂ ಅನ್ನು."

ಕೊನೆಗೆ ಒಂದು ಕಡೆ ಹಂಪಯ್ಯ ತಲೆ ಕೆರೆದುಕೊಂಡ. "ಎಲ್ಲಾ ಬಂದ್ ಮಾಡ್ರಿ ಅಂತದ ಯಕ್ಕಾ. ಕರೆಂಟ್ ಒಂಚೂರೂ ಹರೀದಿದ್ದಾಗ, ಇದು ಸೊನ್ನಿ ಅಂತ ಅದಕ್ಕ ಕಲಿಸಬೇಕಂತ. ಪೆಟ್ಟಿಗಿ ಎರಡು ನಿಮಿಷ ಆರಸ್ತೀನಿ."

"ಕೈ ತಗಿ. ಕಾವು ಕುಂತ ಕೋಳೀನ ಯಾರರ ಎಬ್ಬಸ್ತಾರೇನು ಲೇ?"

"ಎರಡ ನಿಮಿಷ ಬೇ."

"ನಿನ್ನ ಹೇಣ್ತಿ ಹೆರಿಗಿ ಬ್ಯಾನಿ ತಿನ್ನುವಾಗ ಎರಡು ನಿಮಿಷ ತಡಿ ಅಂದಿದ್ದೇನು?"

ರಾಜ್ಯಕ್ಕೆ ಕರೆಂಟು ಕೊಟ್ಟವನು ಅಕ್ಕನ ಮುಂದೆ ತಣ್ಣಗಾದ. ಸೋಲಾರಿನ ತಂತಿ ಬಿಚ್ಚಿದ, ಪೆಟ್ಟಿಗೆಯನ್ನು ಉರಿಯಲು ಬಿಟ್ಟ, ಸೊನ್ನೆ ಒತ್ತಿದ, ತಂತಿ ಮತ್ತೆ ಸಿಕ್ಕಿಸಿದ. ಮೀಟರು ನೂರು ತೋರಿಸಿತು.

ಮರುದಿನವೂ ನೂರು. ಮೂರನೆಯ ದಿನವೂ ನೂರು. ಅಯ್ಯಮ್ಮ ಹೊತ್ತು ಮೂಡುವಾಗೊಮ್ಮೆ ಮುಳುಗುವಾಗೊಮ್ಮೆ ಅಂಕಿಯನ್ನು ಗೋಡೆಗೆ ಇಳಿಸಿದಳು. ಎರಡು ವಾರದಲ್ಲಿ ಗೋಡೆಯ ತುಂಬ ನೂರುಗಳು ಸಾಲಾಗಿ ನಿಂತವು. ಇಂಥ ಬ್ಯಾಟರಿ ಜಿಲ್ಲೆಯಲ್ಲೇ ಇಲ್ಲ ಎಂದು ಓಣಿಯೆಲ್ಲ ನೋಡಿಕೊಂಡು ಹೋಯಿತು.

ತತ್ತಿ ಇಟ್ಟ ಹದಿನೆಂಟನೆಯ ದಿನಕ್ಕೆ ಮೋಡ ಕವಿದು ಮೂರು ದಿನವಾಗಿತ್ತು. ಲೈನ್ ಕೆಲಸವೆಂದು ಊರಿನ ಕರೆಂಟೂ ಬೆಳಗಿನಿಂದ ಇಲ್ಲ. ನಾಲ್ಕು ಗಂಟೆಗೆ ಇನ್ವರ್ಟರು ಕುಂಯ್ ಕುಂಯ್ ಎನ್ನತೊಡಗಿತು. ಮರಿ ಒಡೆಯುವುದನ್ನು ನೋಡಲು ಮೊದಲೇ ಬಂದಿದ್ದ ಹಂಪಯ್ಯ ಮೀಟರು ನೋಡಿದ. ನೂರು.

"ಖಾಲಿ ಆಗ್ಯದೇನೋ?" ಎಂದಳು ಅಯ್ಯಮ್ಮ.

"ನೂರು ಇದ್ದದ್ದು ಖಾಲಿ ಹ್ಯಾಂಗಾಗ್ತದ? ತುಂಬಿ ತುಳುಕಾಕತ್ತದ, ಅದಕ್ಕ ಒದರಾಕತ್ತದ. ಸ್ವಲ್ಪ ಖರ್ಚು ಮಾಡಬೇಕು ಇದನ್ನ."

ಇಬ್ಬರೂ ಸೇರಿ ಬ್ಯಾಟರಿಯ ಭಾರ ಇಳಿಸಲು ನಿಂತರು. ಫ್ಯಾನು ಹಾಕಿದರು, ಟಿವಿ ಹಾಕಿದರು, ಮಿಕ್ಸರಿಗೆ ಶೇಂಗಾ ಹಾಕಿ ತಿರುಗಿಸಿದರು. ಮೀಟರು ತೊಂಬತ್ತೊಂಬತ್ತಕ್ಕೆ ಬಂತು. "ನೋಡು, ಹಗುರಾತು," ಎಂದು ಹಂಪಯ್ಯ ಹೇಳಿ ಮುಗಿಸುವುದರೊಳಗೆ ಎಲ್ಲವೂ ಒಟ್ಟಿಗೆ ನಿಂತವು. ಪೆಟ್ಟಿಗೆಯ ಬಲ್ಬೂ ಆರಿತು.

ತೊಂಬತ್ತೊಂಬತ್ತು ಇರುವ ಬ್ಯಾಟರಿಯನ್ನು ಅನುಮಾನಿಸುವುದುಂಟೆ? ಮೊದಲು ಬಲ್ಬು ಬದಲಾಯಿತು, ಆಮೇಲೆ ಹೋಲ್ಡರು, ಆಮೇಲೆ ವೈರು. ಪೆಟ್ಟಿಗೆ ಹತ್ತಲೇ ಇಲ್ಲ. ಸದ್ದಿಗೆ ಬಂದ ಕಮರುನ್ನೀಸಾ ಬಾಗಿಲಲ್ಲಿ ನಿಂತು ಒಂದೇ ಮಾತು ಕೇಳಿದಳು.

"ಫ್ಯಾನಿನ ಬಲ್ಬೂ ಹೋಗ್ಯದೇನ್ರಿ ಅಣ್ಣಾ?"

ಹಂಪಯ್ಯ ಕೈಯಲ್ಲಿದ್ದ ವೈರು ಕೆಳಗಿಟ್ಟ. ಅಯ್ಯಮ್ಮ ಹೊದೆಯುವ ಕೌದಿಗಳನ್ನು ಎಳೆದು ಹಾಕಿದಳು. ಕಮರುನ್ನೀಸಾ ನೀರು ಕಾಸಿ ಬಾಟಲಿಗೆ ತುಂಬಿದಳು. ತತ್ತಿಗಳ ಸುತ್ತ ಬಾಟಲಿ, ಬಾಟಲಿಗಳ ಸುತ್ತ ಕೌದಿ. ಅಯ್ಯಮ್ಮ ಒಂದು ತತ್ತಿಯನ್ನು ಕಣ್ಣರೆಪ್ಪೆಗೆ ತಾಗಿಸಿ ಬಿಸಿ ನೋಡುತ್ತಾ, ಅರ್ಧ ಚಂದ್ರದವನ್ನು ನಡುವಿಗೆ ಸರಿಸುತ್ತಾ ಕೂತಳು. ದೀಪ ಹಚ್ಚುವ ಹೊತ್ತಿಗೆ ಊರಿನ ಕರೆಂಟು ಬಂತು, ಪೆಟ್ಟಿಗೆ ಹತ್ತಿತು.

ಅಷ್ಟರಲ್ಲಿ ಹಂಪಯ್ಯನಿಗೆ ಬೆಳಕಾಗಿತ್ತು. "ಪೆಟ್ಟಿಗಿ ತಿನ್ನೋ ಕರೆಂಟನ್ನ ಸೊನ್ನಿ ಅಂತ ಮೀಟರಿಗೆ ಕಲಿಸಿವಿ ಯಕ್ಕಾ. ತಕ್ಕಡ್ಯಾಗ ಕಲ್ಲಿಟ್ಟು ಮುಳ್ಳು ಸರಿ ಮಾಡಿದಂಗ. ಪೆಟ್ಟಿಗಿ ಎಷ್ಟು ತಿಂದ್ರೂ ಮೀಟರಿಗೆ ಲೆಕ್ಕನ ಇಲ್ಲ."

"ಆರಸಾಕ ಬಿಡಲಿಲ್ಲ ನಾನು," ಎಂದಳು ಅಯ್ಯಮ್ಮ. "ಕುಂತ ಕೋಳಿ ಎಬ್ಬಸಬಾರದು ಅಂದೆ."

ಕಮರುನ್ನೀಸಾ ಖಾಲಿ ಬಾಟಲಿ ಆರಿಸುತ್ತಾ ಹೇಳಿದಳು: "ಅಯ್ಯಮ್ಮಕ್ಕಾ, ಕೋಳಿ ದಿನಕ್ಕೊಮ್ಮಿ ಕಾಳು ತಿನ್ನಾಕ ತಾನಾ ಏಳ್ತದಲ್ರಿ."

ಅರವತ್ತು ವರ್ಷ ಕೋಳಿ ಸಾಕಿದ ಅಯ್ಯಮ್ಮ ಗೋಡೆಯ ನೂರುಗಳ ಕಡೆ ನೋಡಿದಳು.

ಇಪ್ಪತ್ತೊಂದನೆಯ ದಿನ ಅರವತ್ತೆಂಟು ಮರಿ ಹೊರಬಂದವು. ಹನ್ನೊಂದು ಅರ್ಧ ಚಂದ್ರದಲ್ಲಿ ಒಂಬತ್ತು ಒಡೆದು, ಒಂಬತ್ತು ಕರಿ ಮರಿ ಕಮರುನ್ನೀಸಾಳ ಬುಟ್ಟಿ ಸೇರಿದವು. ಉಳಿದ ಹದಿನಾರು ತತ್ತಿಗೆ ಅಯ್ಯಮ್ಮ ತಾನೇ ಮನೆಮನೆಗೆ ಹೋಗಿ, ತಪ್ಪು ನನ್ನದು ಎಂದು ಹೇಳಿ ಬಂದಳು.

ಪೆಟ್ಟಿಗೆ ಖಾಲಿಯಾದ ಮೇಲೆ ಅವಳೇ ಕೈಯಾರೆ ಒಂದೊಂದೂ ಸ್ವಿಚ್ಚು ಆರಿಸಿ, ಎರಡೆರಡು ಸಲ ಮುಟ್ಟಿ ನೋಡಿ ತಮ್ಮನಿಗೆ ತಲೆ ಆಡಿಸಿದಳು. ಹಂಪಯ್ಯ ಸೊನ್ನೆ ಒತ್ತಿದ. ಈಗ ಮೀಟರು ಹೇಳಿದ್ದೇ ಸತ್ಯ, ಅದರ ಮಾತು ತಪ್ಪದೆ ಕೇಳುತ್ತೇನೆ ಎಂದು ಅಯ್ಯಮ್ಮ ಸೆರಗು ಸರಿಮಾಡಿಕೊಂಡು ಅದರ ಮುಂದೆ ಕೂತಳು.

ಮೊಬೈಲು ಟಿಣ್ ಎಂದಿತು. ಹಂಪಯ್ಯ ಓದಿದ, ಕಣ್ಣುಜ್ಜಿಕೊಂಡು ಮತ್ತೊಮ್ಮೆ ಓದಿದ.

"ಏನಂತದ?" ಎಂದಳು ಅಯ್ಯಮ್ಮ.

"ಬ್ಯಾಟರಿಯೊಳಗ ಈಗ ಎಷ್ಟು ಅದ, ನೀವ ಹೇಳ್ರಿ ಅಂತ ಕೇಳಾಕತ್ತದ ಯಕ್ಕಾ."