ಹುಟ್ಟದೇ ಉಳಿದ ಹಲ್ಲು

ನಮ್ಮ ಕಾಕಾ ಒಬ್ಬರಲ್ಲ, ಇಬ್ಬರು! ನಾನು ಹೇಳುವ ಮಾತಲ್ಲ, ಅವರೇ ಹೇಳುವುದು. ಅವರ ಜೊತೆಗೆ ಹುಟ್ಟಿದ ಅವಳಿ ಅಣ್ಣ ಹೆಸರಿಡುವ ಮೊದಲೇ ತೀರಿಕೊಂಡಿದ್ದ. ಆದರೆ ಕಾಕಾರ ಪ್ರಕಾರ ಆತ ಎಲ್ಲಿಗೂ ಹೋಗಿಲ್ಲ. 'ನಾ ಉಂಡೆ' ಎಂದು ಅವರು ಯಾವತ್ತೂ ಹೇಳಿದವರಲ್ಲ. 'ನಾವು ಉಂಡ್ವಿ'!

ಬನಹಟ್ಟಿಯಲ್ಲಿ ಅವರದು ಪವರ್‌ಲೂಮ್. ಮಗ್ಗಗಳು ಓಡುವಾಗ ಪಕ್ಕದವನು ಕಿರುಚಿದರೂ ಕೇಳಿಸದು. ಅಂಥ ಸದ್ದಿನಲ್ಲಿ ಕಾಕಾ ಒಬ್ಬರೇ ನಿಂತು ಮಾತಾಡುತ್ತಾರೆ, ತಲೆಯಾಡಿಸುತ್ತಾರೆ, ನಗುತ್ತಾರೆ. ಒಮ್ಮೆ ಹಠಾತ್ತನೆ ಕರೆಂಟು ಹೋಯಿತು. ಮಗ್ಗಗಳೆಲ್ಲ ಉಸಿರು ಹೋದಂತೆ ನಿಂತವು. ಆ ಮೌನದಲ್ಲಿ ಕಾಕಾರ ದನಿ: "ಖರೆ ಹೇಳ್ದಿ ನೋಡಪಾ. ಅಕಿ ಯಾರ ಮಾತೂ ಕೇಳೂದಿಲ್ಲ."

ಬಾಗಿಲಲ್ಲಿ ಕಾಕಿ ನಿಂತಿದ್ದರು!

"ಯಾರ ಕೂಡ ನನ್ನ ಚಾಡಿ ಹೇಳಾಕತ್ತೀರಿ?"

ನನಗೆ ನಗು ಬಂತು. ಆದರೆ ಕಾಕಾ ನೋಡುತ್ತಿದ್ದ ಕತ್ತಲ ಮೂಲೆಯತ್ತ ತಿರುಗುವ ಧೈರ್ಯ ಮಾತ್ರ ಬರಲಿಲ್ಲ.

ಕಳೆದ ವರ್ಷ ಅವರ ಮುಂದಿನ ಮೇಲ್ಹಲ್ಲೊಂದು ಒಣಗಿ ಗಟ್ಟಿಯಾದ ಕಟಕ ರೊಟ್ಟಿ ಕಡಿಯುವಾಗ ಮುರಿದು ಬಿತ್ತು. ನಾನೂ ಕಾಕಿಯೂ ಅವರನ್ನು ಜಮಖಂಡಿಗೆ ಕರೆದುಕೊಂಡು ಹೋದೆವು. ಅಲ್ಲಿಯ ಹಲ್ಲಿನ ಡಾಕ್ಟರರು ಎಲುಬಿನೊಳಗೆ ಸಣ್ಣ ತಿರುಪು ಕೂರಿಸಿ, ಅದರ ಮೇಲೆ ಹೊಸ ಹಲ್ಲು ಕಟ್ಟುವುದಾಗಿ ಹೇಳಿದರು. ಇಂಪ್ಲಾಂಟ್ ಅಂತೆ. ಎಲುಬಿನಲ್ಲಿ ಜಾಗ ಎಷ್ಟಿದೆ ಎಂದು ಮೊದಲೇ ತಿಳಿಯಲು ಸಿ.ಟಿ. ಸ್ಕ್ಯಾನ್ ಬೇಕಿತ್ತು.

"ಮಷಿನ್ ನಿಮ್ಮ ತಲಿ ಸುತ್ತ ತಿರಗತೈತ್ರಿ. ಅಳಗ್ಯಾಡಬ್ಯಾಡ್ರಿ," ಎಂದರು ಡಾಕ್ಟರರು.

"ಇಬ್ರೂನೂ ಏನ್ರಿ?" ಎಂದರು ಕಾಕಾ!

ಡಾಕ್ಟರರು ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ.

ಪರದೆಯ ಮೇಲೆ ಕಾಕಾರ ತಲೆಬುರುಡೆ ಮೂಡಿತು. ಕಣ್ಣಿಲ್ಲ, ಮೂಗಿಲ್ಲ, ಆ ಹುರಿ ಮಾಡಿದ ಮೀಸೆಯೂ ಇಲ್ಲ, ಆದರೂ ನಗುತ್ತಿತ್ತು. ಡಾಕ್ಟರರು ಅದನ್ನು ಮೆಲ್ಲಗೆ ತಿರುಗಿಸಿದರು. ಬಿದ್ದ ಹಲ್ಲಿನ ಜಾಗದ ಮೇಲುಗಡೆ, ಎಲುಬಿನ ಆಳದಲ್ಲಿ, ಇನ್ನೊಂದು ಪುಟ್ಟ ಹಲ್ಲು ತಲೆಕೆಳಗಾಗಿ ಮಲಗಿತ್ತು.

"ಇದೊಂದ ಹೆಚ್ಚಿನ ಹಲ್ಲರಿ. ಉಳದ ಹಲ್ಲಿನ ಕೂಡನ ಬೆಳದೈತಿ, ಆದ್ರ ಹುಟ್ಟಲೇ ಇಲ್ಲ. ಒಳಗನ ಉಳಕೊಂಡೈತಿ."

ಕಾಕಾ ಬೆರಳಿನಿಂದ ತಮ್ಮ ಮೇಲ್ದುಟಿಯನ್ನು ಮುಟ್ಟಿಕೊಂಡರು, ಮಲಗಿದ ಕೂಸನ್ನು ಮುಟ್ಟುವ ಹಾಗೆ.

"ತಿರುಪಿಗೆ ಅಡ್ಡ ಬರ್ತೈತ್ರಿ. ಮೊದಲ ಇದನ್ನ ಕಿತ್ತ ತಗೀಬೇಕು."

"ಹಂಗಾರ ನಮಗ ಹಲ್ಲ ಬ್ಯಾಡ್ರಿ." ಕಾಕಾ ಎದ್ದು ನಿಂತೇಬಿಟ್ಟರು.

ಈಗ ಕಾಕಿಯ ಬೈಗುಳ ಶುರುವಾಗುತ್ತದೆ ಎಂದುಕೊಂಡೆ. ಅವರು ಗಂಡನ ತೋಳು ಹಿಡಿದು ಕೂರಿಸಿದರು. "ಡಾಕ್ಟರ್ರ, ಅದಕ್ಕ ಧಕ್ಕಿ ಆಗದಂಗ ಕೂಡಸಾಕ ಬರ್ತೈತೇನ ನೋಡ್ರಿ."

ಡಾಕ್ಟರರು ಪರದೆಯ ಮೇಲೆ ತಿರುಪಿನ ಚಿತ್ರವನ್ನು ಅತ್ತಿತ್ತ ಸರಿಸಿದರು, ಗಿಡ್ಡ ಮಾಡಿದರು, ಓರೆ ಮಾಡಿದರು. ಬಹಳ ಹೊತ್ತಿನ ಮೇಲೆ, "ಜಾಗಾ ಐತ್ರಿ," ಎಂದರು.

ಹಾಗೆಯೇ ಕೂರಿಸಿದರು. ಗಾಯ ಮಾಯ್ದು, ಎಲುಬು ತಿರುಪನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಹೊಸ ಹಲ್ಲು ಕಟ್ಟುವ ಮುನ್ನ ಮತ್ತೊಮ್ಮೆ ಸ್ಕ್ಯಾನ್ ಆಯಿತು. ತಿರುಪಿನ ಪಕ್ಕದಲ್ಲಿ ಆ ಪುಟ್ಟ ಹಲ್ಲು ಮೊದಲಿನಂತೆಯೇ ಮಲಗಿತ್ತು. ಡಾಕ್ಟರರು ಬುರುಡೆಯನ್ನು ನಮ್ಮತ್ತ ತಿರುಗಿಸಿದರು.

ಕಾಕಿ ಕುರ್ಚಿಯಿಂದ ಎದ್ದರು. ಮನೆಯ ಹಿರಿಯರು ಎದುರಾದಾಗ ಮಾಡುವಂತೆ ತಲೆಯ ಮೇಲೆ ಸೆರಗು ಎಳೆದುಕೊಂಡು, ಗಂಡನಿಗೆ ಮೆಲ್ಲಗೆ ಹೇಳಿದರು:

"ಭಾವನೋರು ಆರಾಮ ಅದಾರ ನೋಡ್ರಿ."