ಉಂಗುರ ಒಂದು, ಗುಂಡಿ ಹಲವು

ಮೊದಲೇ ಒಂದು ಮಾತು ಸ್ಪಷ್ಟಪಡಿಸುತ್ತೇನೆ. ಕಿವಿಯ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಕಬಕದಲ್ಲಿ ನನ್ನದೊಂದು ಮೈಕ್ ಸೆಟ್ಟಿನ ಅಂಗಡಿ ಇದೆ. ಮದುವೆ, ಉಪನಯನ, ಶಾಲೆಯ ವಾರ್ಷಿಕೋತ್ಸವ, ಎಲ್ಲಿ ಸ್ಪೀಕರ್ ಕೊಂಯ್ ಎಂದರೂ ಯಾವ ವಯರು ಕೈಕೊಟ್ಟಿದೆ ಎಂದು ಊಟದ ಪಂಕ್ತಿಯಲ್ಲಿ ಕೂತೇ ಹೇಳಬಲ್ಲೆ. ಹೀಗಿರುವಾಗ, ಶಬ್ದ ಮಾಡಿ ಚಿನ್ನ ಹುಡುಕಿಕೊಡುವ ಮೆಷಿನ್ ಒಂದು ಜಗತ್ತಿನಲ್ಲಿದೆ ಎಂದು ಗೊತ್ತಾದಾಗ, ಅದು ನನಗಾಗಿಯೇ ತಯಾರಾದದ್ದು ಎಂಬುದರಲ್ಲಿ ಯಾವ ಸಂಶಯವೂ ಉಳಿಯಲಿಲ್ಲ.

ಗೊತ್ತಾದದ್ದು ಮೊಬೈಲಿನಲ್ಲಿ. ಯಾವುದೋ ದೇಶದ ಒಬ್ಬ ಮನುಷ್ಯ ಚಡ್ಡಿ ಹಾಕಿ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ, ಉದ್ದ ಕೋಲಿನ ತುದಿಗೆ ಊಟದ ತಟ್ಟೆ ಕಟ್ಟಿದಂಥ ಸಾಮಾನೊಂದನ್ನು ಸಮುದ್ರ ದಂಡೆಯ ಮರಳಿನ ಮೇಲೆ ಆಡಿಸುತ್ತಾ ಹೋಗುತ್ತಾನೆ. ಟಿಂಯ್ ಅನ್ನುತ್ತದೆ. ಕೆದಕಿದರೆ ಉಂಗುರ! ಕಳೆದುಕೊಂಡ ಹೆಂಗಸು ಪಕ್ಕದಲ್ಲಿ ನಿಂತು ಅಳುತ್ತಾಳೆ. ನಾನೂ ಅತ್ತೆ. ಕಣ್ಣೊರಸಿಕೊಂಡು ಆರ್ಡರ್ ಮಾಡಿದೆ.

"ಕಬಕದಲ್ಲಿ ಸಮುದ್ರ ಎಲ್ಲುಂಟು ಮಾರಾಯ್ರೆ?" ಎಂದು ಕೇಳಿದಳು ಹೆಂಡತಿ ಸುಮತಿ.

"ಸಮುದ್ರ ಇಲ್ಲದಿದ್ರೆ ಎಂತ? ಉಂಗುರ ಕಳ್ಕೊಳ್ಳುವವರು ಇಲ್ವಾ?"

"ಹಾಗಾದ್ರೆ ಯಾರಾದ್ರೂ ಕಳ್ಕೊಳ್ಳಲಿ ಅಂತ ಇನ್ನು ಕಾಯುದಾ?"

ಕಾದೆ ಎಂದು ಹೇಳಲಾರೆ. ಆದರೆ ಮೆಷಿನ್ ಬಂದ ಮೇಲೆ ಮದುವೆ ಮನೆಗಳಲ್ಲಿ ನನ್ನ ಕಣ್ಣು ಹೆಂಗಸರ ಬೆರಳುಗಳ ಕಡೆಗೆ ಹೋಗುತ್ತಿದ್ದುದು ಸತ್ಯ. ಯಾರ ಉಂಗುರ ಸಡಿಲವಿದೆ ಎಂದು ನೋಡುವುದಷ್ಟೇ ನನ್ನ ಉದ್ದೇಶವಾಗಿತ್ತು. ಸುಮತಿ ಅದನ್ನು ಬೇರೆ ರೀತಿ ಅರ್ಥ ಮಾಡಿಕೊಂಡು ಎರಡು ದಿನ ಮಾತು ಬಿಟ್ಟಳು. ಈ ನಡುವೆ ಅಂಗಡಿಯ ಹಿಂದೆ ಮೆಷಿನ್ ಆಡಿಸಿದ್ದಕ್ಕೆ ಬಹಳ ದಿನದಿಂದ ಕಾಣೆಯಾಗಿದ್ದ ನನ್ನ ಸ್ಪ್ಯಾನರ್ ಸಿಕ್ಕಿತು. ಅದು ಹುಲ್ಲಿನ ಮೇಲೆ ಎಲ್ಲರಿಗೂ ಕಾಣುವಂತೆ ಬಿದ್ದಿತ್ತು ಎಂಬ ಅಂಶವನ್ನು ನಾನು ಗಣನೆಗೆ ತೆಗೆದುಕೊಳ್ಳಲಿಲ್ಲ.

ಆಗಲೇ ಇಚಿಲಂಪಾಡಿಯಿಂದ ತಂಗಿ ರೇಖಾಳ ಫೋನು ಬಂತು.

"ಅಣ್ಣಾ, ಅಮ್ಮನ ಉಂಗುರ ಹೋಯ್ತು" ಎಂದಳು.

ಆ ಉಂಗುರದ ಬಗ್ಗೆ ಹೇಳಬೇಕು. ಸಣ್ಣ ಕೆಂಪು ಹರಳಿನದು. ಅಮ್ಮ ಹೋಗುವ ಮುಂಚೆ ತನ್ನ ಬೆರಳಿನಿಂದ ತೆಗೆದು ರೇಖಾಳ ಬೆರಳಿಗೆ ಹಾಕಿದ್ದು. ರೇಖಾ ಮತ್ತು ಅವಳ ಗಂಡ ಹರೀಶ ಇಷ್ಟು ವರ್ಷ ಬಾಡಿಗೆ ಮನೆಗಳಲ್ಲೇ ಕಳೆದವರು. ಮಗಳಿಗೊಂದು ಸ್ವಂತ ಮನೆ ಆಗುವುದನ್ನು ನೋಡಬೇಕೆಂದು ಅಮ್ಮನಿಗೆ ಬಹಳ ಆಸೆಯಿತ್ತು, ನೋಡಲಾಗಲಿಲ್ಲ. ಈಗ ಮನೆ ಎದ್ದು ನಿಂತಿತ್ತು. ಬರುವ ಆದಿತ್ಯವಾರ ಒಕ್ಕಲು, ಅಂದರೆ ಗೃಹಪ್ರವೇಶ. ಕಟ್ಟಿಸುವ ಓಡಾಟದಲ್ಲಿ ರೇಖಾ ಸೊರಗಿ ಉಂಗುರ ಸಡಿಲವಾಗಿತ್ತು. ಅಂಗಳಕ್ಕೆ ಸೆಗಣಿ ಸಾರಿಸಿ ಕೈ ತೊಳೆದು ನೋಡಿದರೆ ಬೆರಳು ಖಾಲಿ.

"ಅಮ್ಮ ಅಂತೂ ಬರುದಿಲ್ಲ. ಅವಳ ಉಂಗುರವಾದ್ರೂ ನನ್ನೊಟ್ಟಿಗೆ ಹೊಸ್ತಿಲು ದಾಟಲಿ ಅಂತ ಇತ್ತು ಅಣ್ಣಾ" ಎಂದಳು.

ನನಗೂ ಸಂಕಟವಾಯಿತು. ಅದರ ಬೆನ್ನಿಗೇ, ನಾಚಿಕೆ ಬಿಟ್ಟು ಹೇಳುತ್ತೇನೆ, ಒಂದು ಪುಳಕವೂ ಆಯಿತು.

"ನೀನು ಎಂತ ಮಂಡೆಬಿಸಿ ಮಾಡ್ಬೇಡ. ನನ್ನತ್ರ ಮೆಷಿನ್ ಉಂಟು" ಎಂದೆ.

ಮರುದಿನ ಬೆಳಿಗ್ಗೆ ಮೈಕಿನ ವ್ಯಾನಿನಲ್ಲಿ ಮೆಷಿನನ್ನೂ ಸುಮತಿಯನ್ನೂ ಹಾಕಿಕೊಂಡು ಇಚಿಲಂಪಾಡಿಗೆ ಹೊರಟೆ. ಮೆಷಿನಿಗೆ ಮುಂದಿನ ಸೀಟು ಸಿಕ್ಕಿದ್ದರ ಬಗ್ಗೆ ದಾರಿಯುದ್ದಕ್ಕೂ ಮಾತು ಕೇಳಬೇಕಾಯಿತು.

ಹೊಸ ಮನೆ ಚೆನ್ನಾಗಿತ್ತು. ಅಂಗಳ ಇನ್ನೂ ಚೆನ್ನಾಗಿತ್ತು. ಕೆಂಪು ಮಣ್ಣು ತುಂಬಿಸಿ, ಸಮತಟ್ಟು ಮಾಡಿ, ಮೇಲೆ ರೇಖಾ ಸಾರಿಸಿದ ಸೆಗಣಿ ಒಣಗಿ ನುಣ್ಣಗಾಗಿತ್ತು. ಚಪ್ಪಲಿ ಕಳಚಿಟ್ಟು ನಡೆಯಬೇಕೆನಿಸುವಂಥ ಅಂಗಳ. ಇದನ್ನು ಯಾಕೆ ಹೇಳುತ್ತೇನೆಂದರೆ, ಅದನ್ನು ಆ ಸ್ಥಿತಿಯಲ್ಲಿ ನೋಡಿದವರಲ್ಲಿ ನಾವೇ ಕೊನೆಯವರು.

ಹೆಡ್‌ಫೋನ್ ಧರಿಸಿ ಶೋಧನಾ ಕಾರ್ಯಕ್ಕೆ ವಿಧ್ಯುಕ್ತವಾಗಿ ಚಾಲನೆ ನೀಡಿದೆ. ಸುಮತಿ ನೋಡಲು ಹತ್ತಿರ ಬಂದಳು. ಮೆಷಿನ್ ಕಿರುಚಿಕೊಂಡಿತು.

"ಮೈಮೇಲಿನ ಚಿನ್ನ ಎಲ್ಲ ತೆಗೆದಿಟ್ಟು ಬಾ. ಡಿಸ್ಟರ್ಬ್ ಆಗ್ತದೆ."

"ನಿಮ್ಮ ಮೆಷಿನಿಗೆ ಬೇಕಾಗಿ ನಾನು ಕರಿಮಣಿ ತೆಗೆಯುದಾ?" ಎಂದು ಸುಮತಿ ನನ್ನನ್ನೇ ನೋಡಿದಳು. ಆಮೇಲೆ ಜಗಲಿಗೆ ಹೋಗಿ ಕೂತು, ನಾನು ತಪ್ಪು ಮಾಡುವುದನ್ನು ಕಾಯತೊಡಗಿದಳು.

ಹೆಚ್ಚು ಹೊತ್ತು ಕಾಯಿಸಲಿಲ್ಲ. ಮೆಟ್ಟಿಲ ಹತ್ತಿರವೇ ಟಿಂಯ್ ಎಂದಿತು. ನನ್ನ ಅನುಭವಿ ಕಿವಿಗೆ ಅದು ಅಪ್ಪಟ ಚಿನ್ನದ ಸ್ವರ. ಹಾರೆಯಿಂದ ಅಗೆದೆ. ಸಾರಣೆ ಹಪ್ಪಳದಂತೆ ಎದ್ದಿತು. ಕೆಳಗೆ ಸಿಕ್ಕಿದ್ದು ಸೆಂಟ್ರಿಂಗಿನವರು ಬಿಟ್ಟು ಹೋದ ಬೈಂಡಿಂಗ್ ವಯರಿನ ತುಂಡು. ಮುಂದೆ ಆಣಿ. ಮತ್ತೊಂದು ಆಣಿ. ಒಂದು ಸೋಡಾ ಮುಚ್ಚಳ. ಮನೆ ಕಟ್ಟಿದವರು ಏನೆಲ್ಲ ಕುಡಿದಿದ್ದರೆಂಬ ಪೂರ್ಣ ಮಾಹಿತಿ ಅಂಗಳದಡಿಯಲ್ಲಿತ್ತು.

ಅದಾದ ಮೇಲೆ ಇನ್ನೊಂದು ಸಮಸ್ಯೆ ಶುರುವಾಯಿತು. ಟಿಂಯ್ ಎನ್ನುತ್ತದೆ, ಅಗೆದರೆ ಏನೂ ಇಲ್ಲ. ಇನ್ನೂ ಅಗೆದರೆ ಇನ್ನೂ ಟಿಂಯ್. ಉಂಗುರ ಕೆಳಕ್ಕೆ ಇಳಿಯುತ್ತಾ ಇದೆ ಎಂದು ಭಾವಿಸಿ ಮೊಣಕಾಲುದ್ದದ ಗುಂಡಿ ತೋಡಿದೆ. ಪಕ್ಕದಲ್ಲಿ ಇನ್ನೊಂದು. ಅದರ ಪಕ್ಕ ಮತ್ತೊಂದು.

ಅಷ್ಟರಲ್ಲಿ ಪಕ್ಕದ ಮನೆಯ ಕುಶಾಲಪ್ಪಣ್ಣ ಬೇಲಿಯಾಚೆ ಬಂದು ನಿಂತರು. ಸ್ವಲ್ಪ ಹೊತ್ತು ನೋಡಿ, ತಗ್ಗಿದ ದನಿಯಲ್ಲಿ, "ನಿಧಿಯಾ?" ಎಂದು ಕೇಳಿದರು.

"ಅಲ್ಲ, ಉಂಗುರ."

"ಅಷ್ಟು ಅಡಿಯಲ್ಲಿ ಯಾರು ಹಾಕಿದ್ದು?"

ಅವರು ಗುಂಡಿಯೊಳಗೆ ಇಣುಕಿ, "ಗುಂಡಿ ಮಾತ್ರ ಚಂದ ಉಂಟು. ಅಂಚು ನೋಡಿ, ಎಷ್ಟು ನೇರ" ಎಂದು ಹೇಳಿ, ಹೋಗದೆ ಅಲ್ಲೇ ನಿಂತರು.

ಬೆವರು ಒರೆಸಿಕೊಳ್ಳುತ್ತಾ ಗುಂಡಿಯಿಂದ ಎದ್ದ ಒಂದು ಮುರಕಲ್ಲನ್ನು ಸುಮ್ಮನೆ ಮೆಷಿನಿನ ತಟ್ಟೆಗೆ ಹಿಡಿದೆ. ಟಿಂಯ್! ಇನ್ನೊಂದು ಕಲ್ಲು ಹಿಡಿದೆ. ಅದೂ ಟಿಂಯ್. ಮುರಕಲ್ಲು ಕೆಂಪಾಗಿರುವುದೇ ಅದರೊಳಗಿನ ಕಬ್ಬಿಣದಿಂದ ಎಂದು ಶಾಲೆಯಲ್ಲಿ ಮೇಷ್ಟ್ರು ಹೇಳಿದ್ದು ನನಗೆ ಆಗ, ಆ ಗುಂಡಿಯ ದಡದಲ್ಲಿ ನೆನಪಾಯಿತು. ಪುತ್ತೂರು, ಸುಳ್ಯ, ಕಡಬ, ಮೂರೂ ತಾಲೂಕು ಕೂತಿರುವುದೇ ಈ ಕಲ್ಲಿನ ಮೇಲೆ. ಚಡ್ಡಿಯ ಮನುಷ್ಯನಿಗೆ ಮರಳು ಸಿಕ್ಕಿತ್ತು, ನನಗೆ ಸಿಕ್ಕಿದ್ದು ಭೂಮಿಯೇ ಕೂಗುವ ಊರು.

ಬುದ್ಧಿ ಇದ್ದವನು ಅಲ್ಲಿಗೆ ನಿಲ್ಲಿಸುತ್ತಿದ್ದ. ಆದರೆ ರೇಖಾ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಚಿಕ್ಕಂದಿನಲ್ಲಿ ಅವಳ ಸೈಕಲಿನ ಚೈನು ತಪ್ಪಿದಾಗ ನೋಡುತ್ತಿದ್ದ ಹಾಗೆಯೇ, ಅಣ್ಣ ಸರಿ ಮಾಡುತ್ತಾನೆ ಎಂಬ ನಂಬಿಕೆಯಲ್ಲಿ. ಆ ನೋಟಕ್ಕೆ ಮೆಷಿನ್ ಆಫ್ ಮಾಡಿ ತೋರಿಸಲು ನನಗೆ ಮನಸ್ಸಾಗಲಿಲ್ಲ. "ಕಲ್ಲಿನ ಶಬ್ದದಿಂದ ಚಿನ್ನದ ಶಬ್ದವನ್ನು ಬೇರೆ ಮಾಡ್ಬೇಕು, ಅಷ್ಟೇ" ಎಂದು ಘೋಷಿಸಿ ಮುಂದುವರಿದೆ.

ತುಳಸಿಕಟ್ಟೆಯ ಬುಡದಲ್ಲಿ ಆ ಬೇರೆ ಶಬ್ದ ಬಂತು. ತೆಳ್ಳಗೆ, ಸ್ಪಷ್ಟವಾಗಿ.

"ಅಣ್ಣಾ, ನಾನು ಆ ಕಡೆ ಸಾರಿಸಲೇ ಇಲ್ಲ" ಎಂದಳು ರೇಖಾ.

"ಉಂಗುರ ದುಂಡಗೆ ಇರುದಲ್ವಾ? ಉರುಳಿರ್ತದೆ" ಎಂದೆ. ನನ್ನ ತರ್ಕ ನನಗೇ ಬಹಳ ಹಿಡಿಸಿತು.

ಅದು ಪೇಟೆಯಿಂದ ತಂದಿಟ್ಟ ಕಾಂಕ್ರೀಟಿನ ಕಟ್ಟೆ. ಸುತ್ತ ಸಿಮೆಂಟು ಹಾಕುವುದು ಇನ್ನೂ ಬಾಕಿಯಿತ್ತು. ನಾನು ಬದಿಯಿಂದ ಅಗೆದು ಅಡಿಗೆ ಕೈ ಹಾಕಿದೆ. ಬೆರಳಿಗೆ ಲೋಹ ತಾಗಿತು. "ಸಿಕ್ಕಿತು!" ಎಂದು ಬೊಬ್ಬೆ ಹಾಕಿ ಕೈ ಹೊರಗೆ ತೆಗೆದೆ. ಅದೇ ಹೊತ್ತಿಗೆ ತುಳಸಿಕಟ್ಟೆ ನಿಧಾನವಾಗಿ, ಬಹಳ ಗಂಭೀರವಾಗಿ, ಕುಶಾಲಪ್ಪಣ್ಣನ ಮನೆಯ ಕಡೆಗೆ ವಾಲಿತು.

ಬೊಬ್ಬೆ ಕೇಳಿ ಹರೀಶ ಒಳಗಿನಿಂದ ಬಂದ. ಮೊದಲು ಅಂಗಳ ನೋಡಿದ. ಆಮೇಲೆ ಕಟ್ಟೆ ನೋಡಿದ. ಕೊನೆಗೆ ನನ್ನ ಅಂಗೈ ನೋಡಿದ. ಅವನು ಸ್ವರ ಏರಿಸುವ ಜನ ಅಲ್ಲ.

"ಭಾವ, ಕೈಯಲ್ಲಿ ಅದೆಂತ?"

"ಪಂಚಲೋಹ ಆಗಿರ್ಬೇಕು."

"ಭಟ್ರು ಮಂತ್ರ ಹೇಳಿ ಕಟ್ಟೆಯ ಅಡಿಗೆ ಹಾಕಿದ್ದಾ?"

"ಹಾಗೇ ಕಾಣ್ತದೆ."

"ಅದು ಅಡಿಯಲ್ಲೇ ಇರ್ಬೇಕಾದ್ದಲ್ವಾ?"

"ಹೌದು."

"ಮತ್ತೆ ನಿಮ್ಮ ಕೈಯಲ್ಲಿ ಎಂತಕ್ಕೆ ಉಂಟು?"

ಸುಮತಿ ಜಗಲಿಯಿಂದ ಎದ್ದು ಬಂದು ಸೊಂಟಕ್ಕೆ ಕೈಕೊಟ್ಟು ನಿಂತಳು. ಒಕ್ಕಲಿಗೆ ಮೂರು ದಿನವಿತ್ತು. ಅಂಗಳ ಹಂದಿ ಹೊಕ್ಕ ಗದ್ದೆಯಾಗಿತ್ತು. ತುಳಸಿ ಓರೆಯಾಗಿತ್ತು. ಉಂಗುರ ಸಿಕ್ಕಿರಲಿಲ್ಲ. ಹರೀಶ ಭಟ್ಟರಿಗೆ ಫೋನು ಮಾಡಿ "ಹೀಗೆ ಹೀಗೆ ಆಗಿದೆ" ಎಂದು ವಿವರಿಸುತ್ತಿದ್ದ. ಆ ಕಡೆಯಿಂದ ಭಟ್ಟರು ಮತ್ತೆ ಮತ್ತೆ "ಯಾರು?" ಎಂದು ಕೇಳುತ್ತಿದ್ದುದು ನನಗೆ ಕೇಳಿಸುತ್ತಿತ್ತು. ನಿಜವಾಗಿ ಅಳು ಬಂತು. ತಂಗಿಗೆ ಉಂಗುರ ಹುಡುಕಿಕೊಡಲು ಬಂದವನು ಅವಳ ಅಂಗಳವನ್ನೂ ಕಳೆದಿದ್ದೆ.

ಈ ಎಲ್ಲದರ ನಡುವೆ ಒಂದು ಶಬ್ದ ಎಡೆಬಿಡದೆ ಕೇಳುತ್ತಿತ್ತು. ಕಟ್ಟೆ ಅಗೆಯುವ ಮುಂಚೆ ನಾನು ಹೆಡ್‌ಫೋನ್ ಪಿನ್ನು ಸಮೇತ ಕಳಚಿ, ಮೆಷಿನನ್ನು ಬಾವಿಯ ಬಳಿಯ ಬಸಳೆ ಚಪ್ಪರಕ್ಕೆ ಒರಗಿಸಿ ಬಂದಿದ್ದೆ. ಅದು ಅಲ್ಲಿ ತನ್ನಷ್ಟಕ್ಕೇ ಟಿಂಯ್ ಟಿಂಯ್ ಎಂದು ಕೂಗುತ್ತಿತ್ತು.

"ಒಮ್ಮೆ ಅದರ ಬಾಯಿ ಮುಚ್ಚಿಸಿ ಮಾರಾಯ್ರೆ, ಫೋನಿನಲ್ಲಿ ಮಾತಾಡ್ಲಿಕ್ಕೆ ಆಗುದಿಲ್ಲ ಅವನಿಗೆ" ಎಂದಳು ಸುಮತಿ.

ಹೋಗಿ ಸ್ವಿಚ್ ಆಫ್ ಮಾಡಿದೆ. ಅಲ್ಲೇ ಬಾವಿಕಟ್ಟೆಯ ಹತ್ತಿರ ರೇಖಾ ಮುಖ ತೊಳೆಯುತ್ತಿದ್ದಳು. ಅತ್ತದ್ದು ಕಾಣಬಾರದೆಂದು ತೊಳೆಯುವುದು ಎಂದು ಗೊತ್ತಾಗುತ್ತಿತ್ತು.

"ಎಂತಕ್ಕೆ ಬಂದ್ ಮಾಡಿದ್ದು ಅಣ್ಣಾ?"

"ಅದು ಸುಳ್ಳು ಹೇಳುದು ರೇಖಾ. ಅಡಿಯಲ್ಲಿ ಮುರಕಲ್ಲು, ಅದಕ್ಕೆ ಕೂಗುದು. ಇನ್ನು ನಾನು ಅದನ್ನು ನಂಬುದಿಲ್ಲ."

ರೇಖಾ ಸೆರಗಿನಿಂದ ಮುಖ ಒರೆಸುವುದನ್ನು ಅರ್ಧಕ್ಕೇ ನಿಲ್ಲಿಸಿದಳು.

"ಬಸಳೆ ಬುಡದಲ್ಲಿ ಮುರಕಲ್ಲು ಎಲ್ಲುಂಟು? ಅದು ಪೂರ್ತಿ ನಾನೇ ಹಾಕಿದ ಗೊಬ್ಬರ, ಬೂದಿ" ಎಂದಳು. ಆಮೇಲೆ ಮೆಲ್ಲಗೆ, ತನಗೇ ಹೇಳಿಕೊಳ್ಳುವಂತೆ, "ಸೆಗಣಿ ಬಾಲ್ದಿ ತೊಳೆದ ನೀರು ಇಲ್ಲಿಗೇ ಹೊಯ್ದದ್ದು ನಾನು" ಎಂದಳು.

ನಾನು ಹಾರೆ ತರಲು ಓಡಿದೆ. "ಹಾರೆ ಬೇಡ!" ಎಂದು ಮೂರು ಜನ ಒಟ್ಟಿಗೆ ಹೇಳಿದರು. ಮೂರನೆಯವರು ಬೇಲಿಯಾಚೆಯ ಕುಶಾಲಪ್ಪಣ್ಣ.

ರೇಖಾ ಕೂತು ಬೆರಳಿನಿಂದಲೇ ಗೊಬ್ಬರ ಸರಿಸಿದಳು. ಒಂದು ಹಿಡಿ, ಇನ್ನೊಂದು ಹಿಡಿ. ಮತ್ತೆ ಅವಳ ಕೈ ನಿಂತಿತು. ಅಂಗೈ ತೆರೆದಳು. ಸೆಗಣಿ ಮೆತ್ತಿದ ಸಣ್ಣ ಬಳೆಯಂಥದ್ದು, ನಡುವೆ ಒಂದು ಕೆಂಪು ಚುಕ್ಕಿ. ಮೆಷಿನ್ ಸುಳ್ಳು ಹೇಳಿದ ಜಾಗದಲ್ಲೆಲ್ಲ ನಾನು ಅದನ್ನು ನಂಬಿ ಅಗೆದಿದ್ದೆ. ಅದು ಸತ್ಯ ಹೇಳಿದ ಒಂದೇ ಜಾಗದಲ್ಲಿ ನಾನು ಸ್ವಿಚ್ ಆಫ್ ಮಾಡಿದ್ದೆ.

ರೇಖಾ ಉಂಗುರ ತೊಳೆದು ಕಣ್ಣಿಗೊತ್ತಿಕೊಂಡು ಅತ್ತಳು. ನಾನೂ ಅತ್ತೆ, ಮೊಬೈಲಿನಲ್ಲಿ ನೋಡಿ ಅತ್ತದ್ದಕ್ಕಿಂತ ಹೆಚ್ಚು. ಸುಮತಿ ಒಳಗಿನಿಂದ ನೂಲು ತಂದು ಉಂಗುರಕ್ಕೆ ಸುತ್ತಿ, ಬಿಗಿ ಮಾಡಿ, ನಾದಿನಿಯ ಬೆರಳಿಗೆ ಹಾಕಿದಳು.

ಆದಿತ್ಯವಾರ ಒಕ್ಕಲು ಚೆನ್ನಾಗಿಯೇ ಆಯಿತು. ಭಟ್ಟರು ತುಳಸಿಕಟ್ಟೆಯನ್ನು ಮತ್ತೆ ನಿಲ್ಲಿಸಿ, ಮಂತ್ರದ ನಡುನಡುವೆ ನನ್ನ ಕಡೆ ನೋಡಿದರು. ಶಾಮಿಯಾನದವರಂತೂ ಅಂಗಳ ನೋಡಿ ಖುಷಿಯಾದರು. ಆ ಗಟ್ಟಿ ನೆಲದಲ್ಲಿ ಕಂಬಕ್ಕೆ ಗುಂಡಿ ತೋಡುವುದೇ ಅವರಿಗೆ ದೊಡ್ಡ ಕೆಲಸವಂತೆ. ಬೇಕಾದದ್ದನ್ನು ಬಳಸಿಕೊಂಡು, ಉಳಿದದ್ದನ್ನು ನನ್ನ ಕೈಯಲ್ಲೇ ಮುಚ್ಚಿಸಿದರು. ರೇಖಾ ತುಂಬಿದ ಕೊಡ ಹಿಡಿದು ಬಲಗಾಲಿಟ್ಟು ಹೊಸ್ತಿಲು ದಾಟುವಾಗ ಕೊಡದ ಮೇಲಿನ ಅವಳ ಬೆರಳಲ್ಲಿ ಕೆಂಪು ಹರಳು ಕಂಡಿತು. ಅಮ್ಮ ಒಳಗೆ ಹೋದಳು ಎನಿಸಿತು. ಮೈಕಿನಲ್ಲಿ ಹೇಳುತ್ತಿದ್ದ ಮಾತನ್ನು ಅರ್ಧಕ್ಕೇ ಬಿಟ್ಟು ಮುಖ ತಿರುಗಿಸಿದೆ. ಸುಮತಿ ಹತ್ತಿರ ಬಂದು, "ವಯರು ಲೂಸಾ?" ಎಂದು ಕೇಳಿ, ತನ್ನ ಕರ್ಚೀಫು ಕೊಟ್ಟಳು.

ಸುದ್ದಿ ಹಬ್ಬಲು ತಡವಾಗಲಿಲ್ಲ, ಕುಶಾಲಪ್ಪಣ್ಣನಿಗೆ ನೆಂಟರು ಬಹಳ. ಮೊನ್ನೆ ಬೆಟ್ಟಂಪಾಡಿಯಿಂದ ಅವರ ಭಾವನ ಫೋನು ಬಂತು.

"ನಿಮ್ಮ ಕೆಲಸದ ಬಗ್ಗೆ ಭಾವ ತುಂಬಾ ಹೇಳಿದ್ರು. ಒಮ್ಮೆ ನಮ್ಮಲ್ಲಿಗೂ ಬರ್ಬೇಕಿತ್ತಲ್ಲ."

ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. "ಎಂತ ಹೋದದ್ದು? ಉಂಗುರವಾ, ಸರವಾ?"

"ಎಂತದೂ ಹೋಗ್ಲಿಲ್ಲ ಮಾರಾಯ್ರೆ. ತೆಂಗಿನ ಸಸಿ ನೆಡ್ಲಿಕ್ಕುಂಟು. ಮೆಷಿನ್ ಎಲ್ಲ ತರುದು ಬೇಡ. ಹಾರೆ ಮಾತ್ರ ತನ್ನಿ."

ಬರುತ್ತೇನೆ ಎಂದು ಹೇಳಿದ್ದೇನೆ. ಹಾರೆ ತೊಳೆದು ವ್ಯಾನಿನಲ್ಲಿ ಇಟ್ಟಾಗಿದೆ. ಮೆಷಿನನ್ನೂ ಅದರ ಅಡಿಯಲ್ಲಿ ಗೋಣಿ ಮುಚ್ಚಿ ಮಲಗಿಸಿದ್ದೇನೆ. ಆ ಮನೆಯ ಹೆಂಗಸರ ಉಂಗುರ ಸಡಿಲವಿದ್ದರೂ ಇರಬಹುದಲ್ಲ.