ವಾರ್ತಾಫಲಕದಲ್ಲಿ ನನ್ನ ಕಬಡ್ಡಿ ಭವಿಷ್ಯ

ಕಬಡ್ಡಿ ಬಗ್ಗೆ ನನಗೆ ತಿಳಿಯದ್ದು ಏನೂ ಇಲ್ಲ. ಇದನ್ನು ಗರ್ವದಿಂದ ಹೇಳುತ್ತಿಲ್ಲ, ನಿಮ್ಮ ಮಾಹಿತಿಗಾಗಿ ಹೇಳುತ್ತಿದ್ದೇನೆ.

ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವನು. ಬೋರಗಾಂವದಲ್ಲಿ ಹದಿನಾಲ್ಕು ವರ್ಷ ಮಂದಿಯ ಮಗ್ಗದ ಮುಂದೆ ನಿಂತು, ಆಮೇಲೆ ಸ್ವಂತದ ನಾಲ್ಕು ಪವರ್‌ಲೂಮ್ ಹಾಕಿದೆ. ನಾಲ್ಕೂ ಒಟ್ಟಿಗೆ ಬಡಿಯುವಾಗ ಯಾವುದರಲ್ಲಿ ಎಳೆ ಹರಿಯಿತು ಎಂದು ಬೆನ್ನು ತಿರುಗಿಸಿ ನಿಂತೇ ಹೇಳುತ್ತೇನೆ. ಇಂಥ ಕಿವಿ ಇದ್ದವನಿಗೆ, ಎರಡು ಟೀಮಿನಲ್ಲಿ ಯಾವುದು ಗೆಲ್ಲುತ್ತದೆ ಎಂದು ಹೇಳುವುದು ಎಷ್ಟರ ಮಾತು?

ನಮ್ಮೂರ ಚೌಕದಲ್ಲಿ, ಮೌಲಾ ಮಾಮಾನ ಚಹಾದಂಗಡಿ ಮಗ್ಗುಲಿಗೆ, ಗೋಡೆಗೆ ಕರಿ ಬಣ್ಣ ಬಳಿದು ಮಾಡಿದ ವಾರ್ತಾಫಲಕ ಇದೆ. ಯಾರು ತೀರಿಕೊಂಡರು, ಯಾರ ಹುಟ್ಟುಹಬ್ಬ, ನಳದ ನೀರು ಎಷ್ಟು ಗಂಟೆಗೆ, ಎಲ್ಲ ಅದರ ಮೇಲೆ ಸುಣ್ಣದ ಕಡ್ಡಿಯಲ್ಲಿ ಬರೆದಿರುತ್ತದೆ. ಅದರ ಕೆಳಗಿನ ಒಂದು ಮೂಲೆ ಆರು ವರ್ಷದಿಂದ ನನ್ನದು. ಯಾರೂ ಕೊಡಲಿಲ್ಲ, ನಾನೇ ತಗೊಂಡೆ. ಟಿವಿಯಲ್ಲಿ ದೊಡ್ಡ ದೊಡ್ಡ ಟೀಮುಗಳ ಕಬಡ್ಡಿ ಲೀಗ್ ನಡೆಯುವ ದಿನಗಳಲ್ಲಿ ಮುಂಜಾನೆ ಎದ್ದು, ಜಳಕ ಮಾಡಿ, ಆ ಮೂಲೆಯಲ್ಲಿ ದುಂಡನೆಯ ಅಕ್ಷರದಲ್ಲಿ ಬರೆಯುತ್ತೇನೆ: ‘ಇಂದು ಸಂಜೆ ಹಳದಿ ಅಂಗಿಯವರು ನೀಲಿ ಅಂಗಿಯವರನ್ನು ಹತ್ತು ಅಂಕಗಳಿಂದ ಮಣಿಸುವರು. ಸಂದೇಹ ಬೇಡ.’

ಬರೆದು, ಕೆಳಗೆ ಸಹಿ ಹಾಕಿ ಸುಮ್ಮನೆ ಬರುವವನಲ್ಲ ನಾನು. ಅಲ್ಲೇ ನಿಂತು ವಿವರಣೆಯನ್ನೂ ಕೊಡುತ್ತೇನೆ. ಟಿವಿಯಲ್ಲಿ ಆಡುವವರು ಒಂದು ಪಾಯಿಂಟು ತಂದರೆ ತೊಡೆ ತಟ್ಟುವುದಕ್ಕೆ ಅರ್ಧ ನಿಮಿಷ, ಕೂದಲು ತಿದ್ದಿಕೊಳ್ಳುವುದಕ್ಕೆ ಅರ್ಧ ನಿಮಿಷ ತಗೊಳ್ಳುತ್ತಾರೆ. ಖರೇ ಕಬಡ್ಡಿ ಎಂದರೆ ಕಾಲೇಜಿನವರದ್ದು. ಅವರಿಗೆ ಕೂದಲು ತಿದ್ದಿಕೊಳ್ಳಲು ಪುರಸತ್ತಿಲ್ಲ, ಮರುದಿನ ಪರೀಕ್ಷೆ ಇರುತ್ತದೆ. ಬೋನಸ್ ಪಾಯಿಂಟು ಎಂಬುದು ಮೈಗಳ್ಳರಿಗೆ ಮಾಡಿದ ಸವಲತ್ತು. ಮ್ಯಾಟು ಬಂದ ಮೇಲೆ ಮೊಣಕಾಲು ಉಳಿದವು, ಆಟ ಹೋಯಿತು. ಇವೆಲ್ಲ ನನ್ನ ಅಭಿಪ್ರಾಯಗಳು. ಇಂಥವು ಇನ್ನೂ ಬಹಳ ಇವೆ.

ಭವಿಷ್ಯ ಒಮ್ಮೊಮ್ಮೆ ತಪ್ಪುತ್ತಿತ್ತು. ಅಂದರೆ, ನಾನು ಬರೆದದ್ದು ಸರಿ ಇರುತ್ತಿತ್ತು, ಅವರು ಆಡುವುದು ತಪ್ಪುತ್ತಿತ್ತು. ಹಾಗೆ ತಪ್ಪಿದ ಮರುದಿನ ಅಲ್ಲಿ ನೆರೆದವರಿಗೆಲ್ಲ ನಾನು ಮಿರ್ಚಿ ಭಜಿ ಕೊಡಿಸಬೇಕು. ಈ ನಿಯಮ ಮಾಡಿದವನೂ ನಾನೇ. ನನ್ನ ಭವಿಷ್ಯ ಓದಲು ದಿನಾ ಮುಂಜಾನೆ ಇಪ್ಪತ್ತಿಪ್ಪತ್ತೈದು ಮಂದಿ ಕೂಡುತ್ತಿದ್ದರು. ಊರಿಗೆ ಕಬಡ್ಡಿ ಜ್ಞಾನದ ಹಸಿವು ಎಷ್ಟಿದೆ ನೋಡು ಎಂದು ನನಗೆ ಎದೆ ತುಂಬಿ ಬರುತ್ತಿತ್ತು.

ಹೀಗಿರುವಾಗ ನನ್ನ ಮಗಳು ಸ್ನೇಹಲಳ ಟೀಮು ಫೈನಲ್ಲಿಗೆ ಬಂತು.

ಅವಳು ಚಿಕ್ಕೋಡಿಯ ಕಾಲೇಜಿನಲ್ಲಿ ಬಿ.ಕಾಂ. ಕೊನೆಯ ವರ್ಷ, ಹಾಸ್ಟೆಲ್ಲಿನಲ್ಲಿ ಇರುತ್ತಾಳೆ. ಕಬಡ್ಡಿ ಟೀಮಿನ ಕ್ಯಾಪ್ಟನ್. ಹಿಂದಿನ ಎರಡು ವರ್ಷವೂ ಫೈನಲ್ ಮುಟ್ಟಿ ಅಥಣಿ ಕಡೆಯ ಒಂದು ಕಾಲೇಜಿಗೆ ಸೋತಿದ್ದರು. ಈ ಸಲವೂ ಎದುರಿಗೆ ಅದೇ ಕಾಲೇಜು. ಅವಳಿಗೆ ಇದು ಕಡೆಯ ಅವಕಾಶ. ಶುಕ್ರವಾರ ಫೋನಿನಲ್ಲಿ, “ಅಪ್ಪಾ, ಕಪ್ ತರದ ಮನೀಗೆ ಬರೂದಿಲ್ಲ ನೋಡ” ಅಂದಳು. ನಗುತ್ತಲೇ ಅಂದಳು. ಆದರೆ ನನ್ನ ಮಗಳು ನಗುತ್ತ ಹೇಳಿದ್ದನ್ನೇ ಗಟ್ಟಿಯಾಗಿ ಹಿಡಿಯುತ್ತಾಳೆ.

ಶನಿವಾರ ಮುಂಜಾನೆ ಹೊಸ ಸುಣ್ಣದ ಕಡ್ಡಿ ತಗೊಂಡು ಚೌಕಕ್ಕೆ ಹೋದೆ. ‘ಇಂದು ಚಿಕ್ಕೋಡಿಯಲ್ಲಿ ನಮ್ಮೂರ ಕನ್ಯೆ’ ಎಂದು ಬರೆಯುವಷ್ಟರಲ್ಲಿ ಮೌಲಾ ಮಾಮಾ ಅಂಗಡಿ ಬಿಟ್ಟು ಓಡಿ ಬಂದು ನನ್ನ ಕೈ ಹಿಡಿದ.

“ದಾದಾ, ಒಂದ್ ನಿಮಿಷ ನಿಲ್ಲರಿ. ಏನ್ ಬರ್ಯಾಕತ್ತೀರಿ?”

“ಹನ್ನೆರಡು ಪಾಯಿಂಟಿಲೆ ಗೆಲ್ತಾರ ಅಂತ.”

“ಬ್ಯಾಡ್ರಿ. ನಿಮ್ಮ ಕಾಲಿಗೆ ಬೀಳ್ತೀನಿ. ಪೋರಿ ಮೂರು ವರ್ಷ ಕಷ್ಟಪಟ್ಟಾಳ. ನೀವು ಗೆಲ್ತಾಳಂತ ಬರದ್ರ ಆಕಿ ಗತಿ ಏನ್ರಿ?”

ನಾನು ಸುತ್ತ ನೋಡಿದೆ. ನೆರೆದವರೆಲ್ಲ ನೆಲ ನೋಡುತ್ತಿದ್ದರು.

“ಏನೈತಿ ಸರಳ ಹೇಳೋ ಮೌಲಾ.”

ಮೌಲಾ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡ. “ಸಿಟ್ಟಾಗಬ್ಯಾಡ್ರಿ. ಆರು ವರ್ಷದಾಗ ನೀವು ಬರದದ್ದು ಒಂದರೇ ಖರೆ ಆಗೈತೇನ್ರಿ? ಮಂದಿ ಇಲ್ಲಿ ಬರೂದು ಯಾರು ಗೆಲ್ತಾರ ಅಂತ ನೋಡಾಕಲ್ಲ, ಯಾರು ಸೋಲ್ತಾರ ಅಂತ ನೋಡಾಕ. ನಿಮ್ಮ ಫಲಕ ನೋಡಿ ಸದಲಗಾದವರ ಕೂಡ ರೊಕ್ಕದ ಪೈಜ್ ಕಟ್ಟಿ ನಮ್ಮ ಹುಡುಗ್ರು ಇನ್ನೂ ಸೋತಿಲ್ಲ.”

“ಮತ್ತ ನನ್ನ ವಿವರಣೆ ಅಷ್ಟು ಲಕ್ಷ್ಯ ಕೊಟ್ಟು ಕೇಳ್ತಿದ್ರಲ್ಲ?”

“ಭಜಿ ಕರಿಯೂತನಕ ಏನರೇ ಕೇಳಬೇಕಲ್ರಿ.”

ಬರೆದಷ್ಟನ್ನು ಅಳಿಸಿ ಮನೆಗೆ ಬಂದೆ. ಮಗ್ಗ ಚಾಲೂ ಮಾಡಿದೆ. ಮೂರನೇ ಮಗ್ಗದಲ್ಲಿ ಎಳೆ ಹರಿದು, ಒಂದು ಮೊಳ ಬಟ್ಟೆ ಜಾಳು ಜಾಳಾಗಿ ಬರುವವರೆಗೂ ನನಗೆ ಗೊತ್ತಾಗಲಿಲ್ಲ. ಬಂದು ಮಗ್ಗ ಬಂದ್ ಮಾಡಿದವಳು ನನ್ನ ಹೆಂಡತಿ ಶೋಭಾ.

“ನಿನಗೂ ಗೊತ್ತಿತ್ತೇನು?” ಎಂದೆ.

“ಯಾವುದು?”

“ನನ್ನ ಭವಿಷ್ಯ ತಪ್ಪತಾವಂತ.”

ಅವಳು ಹರಿದ ಎಳೆ ಹುಡುಕುತ್ತ ನಿಧಾನಕ್ಕೆ ಹೇಳಿದಳು. “ನೀವು ಫಲಕ ಬರದ ದಿನ ಸಂಜೀಕ ನಾ ಕಡ್ಲಿಹಿಟ್ಟಿನ ಝುಣಕಾ ಮಾಡ್ತೀನಲ್ಲ, ಯಾಕಂತ ಮಾಡೀರಿ? ಟೀಮ್ ಸೋತ ಮ್ಯಾಲ ನಿಮಗ ಬ್ಯಾರೆ ಏನೂ ಗಂಟಲಾಗ ಇಳಿಯೂದಿಲ್ಲ.”

ಆರು ವರ್ಷ ನಾನು ಆ ಝುಣಕಾವನ್ನು ಕಾಕತಾಳೀಯ ಎಂದು ತಿಳಿದಿದ್ದೆ.

“ಹೋಗ್ರಿ” ಎಂದಳು. “ಸೋಲ್ತಾರಂತ ಬರದ ಬರ್ರಿ. ನಿಮ್ಮ ದೊಡ್ಡಸ್ತಿಕಿ ಮಗಳಿಗಿಂತ ಹೆಚ್ಚೇನು?”

ಹೆಚ್ಚಲ್ಲ. ಆದರೆ ಕಡಿಮೆಯೂ ಇರಲಿಲ್ಲ, ಅದೇ ತೊಂದರೆ. ಚೌಕಕ್ಕೆ ಮರಳಿ ಹೋದೆ. ಹೆತ್ತ ಮಗಳ ಸೋಲನ್ನು ನನ್ನ ದುಂಡನೆಯ ಅಕ್ಷರದಲ್ಲಿ ಬರೆದೆ: ‘ಇಂದಿನ ಫೈನಲ್ ಪಂದ್ಯದಲ್ಲಿ ಚಿಕ್ಕೋಡಿ ಕಾಲೇಜು ಏಳು ಅಂಕಗಳಿಂದ ಸೋಲುವುದು ಖಚಿತ. ಸಂದೇಹ ಬೇಡ.’ ಮಂದಿ ಚಪ್ಪಾಳೆ ತಟ್ಟಿದರು. ಮೌಲಾ ಕಣ್ಣೊರೆಸಿಕೊಂಡು ನನಗೆ ಒಂದು ಚಹಾ ಪುಕ್ಕಟೆ ಕೊಟ್ಟ. ಆರು ವರ್ಷದಲ್ಲಿ ನನ್ನ ಬರಹಕ್ಕೆ ಬಿದ್ದ ಮೊದಲ ಚಪ್ಪಾಳೆ ಅದು.

ಅವರಲ್ಲಿ ಒಬ್ಬ ಅದರ ಫೋಟೋ ತೆಗೆದ. ನಾನು ಬೋರ್ಡಿನ ಪಕ್ಕದಲ್ಲಿ ನಿಂತು ಪೋಸು ಬೇರೆ ಕೊಟ್ಟೆ.

ಫಲಕ ಇರುವುದು ಬೋರಗಾಂವದಲ್ಲಿ. ಅದನ್ನು ಉಲ್ಟಾ ಓದಬೇಕು ಎಂಬುದು ಬೋರಗಾಂವದವರಿಗೆ ಮಾತ್ರ ಗೊತ್ತು. ಫೋಟೋಕ್ಕೆ ಅದು ಗೊತ್ತಿಲ್ಲ. ನಾನೂ ಶೋಭಾಳೂ ಮೋಟರ್‌ಸೈಕಲ್ ಮೇಲೆ ಸದಲಗಾ ದಾಟುವಷ್ಟರಲ್ಲಿ ಅದು ಊರ ವಾಟ್ಸಾಪ್ ಗ್ರೂಪು ದಾಟಿ, ಯಾರದೋ ಬೀಗರ ಗ್ರೂಪು ಹೊಕ್ಕು, ಅಥಣಿ ಟೀಮಿನ ಹುಡುಗಿಯರ ಕೈಗೆ ಮುಟ್ಟಿತ್ತು. ಅವರು ಅದನ್ನು ತಗೊಂಡು ಹೋಗಿ ನನ್ನ ಮಗಳಿಗೆ ತೋರಿಸಿದ್ದರು. ‘ನಿಮ್ಮಪ್ಪನೇ ಬರದಾರ ನೋಡ, ಸಹಿ ಬ್ಯಾರೆ ಐತಿ.’

ನಾವು ಮೈದಾನ ಮುಟ್ಟಿದಾಗ ಸ್ನೇಹಲ ವೀಕ್ಷಕ ವಿವರಣೆ ಹೇಳುವವರ ಟೇಬಲ್ ಹತ್ತಿರ ಮೊಣಕಾಲಿಗೆ ಪಟ್ಟಿ ಕಟ್ಟಿಕೊಳ್ಳುತ್ತಿದ್ದಳು. ನನ್ನನ್ನು ನೋಡಿ ಆ ಕಡೆ ಹೊರಳಿದಳು. ಅವಳ ಕಬಡ್ಡಿ ಸರ್ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಓಹೋ, ಭವಿಷ್ಯದವರು ಬಂದ್ರು” ಅಂದರು.

“ಸ್ನೇಹಲ, ಇಲ್ಲಿ ಕೇಳ ಬಾಳಾ. ನೀವು ಗೆಲ್ಲಲಿ ಅಂತನಾ ಹಂಗ ಬರದದ್ದು.”

“ಸೋಲ್ತಾರಂತ ಬರದು?”

“ನಾ ಬರದದ್ದು ಆಗೂದಿಲ್ಲಲ್ಲ, ಅದಕ್ಕ.”

ಅವಳು ಪಟ್ಟಿ ಕಟ್ಟುವುದನ್ನು ನಿಲ್ಲಿಸಿದಳು. “ಅಪ್ಪಾ, ಅದು ಊರಿಗೆಲ್ಲ ಗೊತ್ತೈತಿ. ನಿನಗ ಗೊತ್ತಿರಲಿಲ್ಲಲ್ಲ. ನೀ ಖರೇನಾ ನಂಬೇ ಬರೀತಿದ್ದಿ. ಇವತ್ತೂ ನಂಬೇ ಬರದಿ. ನಾ ಸೋಲ್ತೀನಂತ ಒಬ್ಬಾವ ಖಾತ್ರಿ ಮಾಡ್ಕೊಂಡಾನಂದ್ರ, ಅವ ನಮ್ಮಪ್ಪನ ಆಗಬೇಕಿತ್ತೇನ?”

ಆಗ ನನಗೆ ಪರಿಸ್ಥಿತಿ ತಿಳಿಯಿತು. ನನಗೆ ಕಬಡ್ಡಿ ತಿಳಿಯುವುದಿಲ್ಲ ಎಂಬುದು ನನಗೆ ಗೊತ್ತಿದೆ ಎಂದು ಅವಳಿಗೆ ಖಾತ್ರಿ ಆಗಬೇಕು. ಪಂದ್ಯಕ್ಕೆ ಉಳಿದದ್ದು ಐದು ನಿಮಿಷ.

“ಮುಂಜಾನೆ ಗೊತ್ತಾತು” ಎಂದೆ. “ಮೌಲಾ ಹೇಳಿದ. ಖರೇ ಐತಿ ಅವ ಹೇಳಿದ್ದು. ಹಳದಿ ಅಂಗಿಯವರು ಕಪ್ ಗೆಲ್ತಾರಂತ ಬರದೆ, ಅವರು ಎಲ್ಲರಕಿಂತ ಕೆಳಗ ಬಂದ್ರು.”

ಅವಳು ಮತ್ತೆ ಪಟ್ಟಿ ಸುತ್ತತೊಡಗಿದಳು.

“ನಿಮ್ಮವ್ವನ ಲಗ್ನಕ್ಕಿಂತ ಮೊದಲ, ಈ ಹುಡಗಿ ಬಾಳ ಕಡಿಮಿ ಮಾತಾಡ್ತೈತಿ ಅಂತ ನಮ್ಮಪ್ಪಗ ಹೇಳಿದ್ದೆ.”

ಶೋಭಾ ನನ್ನ ಕಡೆ ನೋಡಿದಳು. ಸ್ನೇಹಲಳ ತುಟಿ ಸ್ವಲ್ಪ ಅಲುಗಿತು. ನಾನು ಬಿಡಲಿಲ್ಲ.

“ನೀ ಹುಟ್ಟೂ ಮುಂದ ಗಂಡ ಕೂಸ ಅಂತ ಹೇಳಿ ಎರಡು ಕಿಲೋ ಪೇಢೆ ತಂದಿಟ್ಟಿದ್ದೆ. ನೀ ಹುಟ್ಟಿದಿ. ಅಂಗಡಿಯಾವ ಪೇಢೆ ವಾಪಸ್ ತಗೊಳ್ಳಲಿಲ್ಲ. ಕದ್ದು ನಾ ಒಬ್ಬನ ಎಂಟು ದಿನ ತಿಂದೆ. ಹೆಣ್ಣ ಹುಟ್ಟಿದ್ರ ಜಿಲೇಬಿ ಅಂತ, ಮಂದಿಗೆ ಅದನ್ನ ಹಂಚಿದೆ. ಕಬಡ್ಡಿ ಒಂದ ಅಲ್ಲ ಬಾಳಾ, ನನಗ ಏನೂ ತಿಳಿಯೂದಿಲ್ಲ.”

ನಾನು ಎಷ್ಟು ದಡ್ಡ ಎಂದು ಸಾಬೀತಾದಂತೆಲ್ಲ ಅವಳ ಮುಖ ಅರಳುತ್ತಿತ್ತು. ಅದನ್ನು ನೋಡಿ ನನಗೂ ಹುರುಪು ಬಂದು ಇನ್ನೂ ನಾಲ್ಕು ಉದಾಹರಣೆ ಕೊಟ್ಟೆ. ಕೊನೆಗೆ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆದರೆ ಅವಳೊಬ್ಬಳೇ ಅಲ್ಲ, ಇಡೀ ಮೈದಾನ ನಗುತ್ತಿತ್ತು. ಟೇಬಲ್ ಮೇಲಿನ ಮೈಕು ಚಾಲೂ ಇತ್ತು. ಪೇಢೆಯ ಸಂಗತಿ ಬಸ್‌ಸ್ಟ್ಯಾಂಡಿನವರೆಗೂ ಕೇಳಿಸಿತಂತೆ.

ಅವಳ ಟೀಮಿನ ಒಬ್ಬ ಹುಡುಗಿ ಬಂದು, “ಅಂಕಲ್, ಏಳಾ ಯಾಕ ಬರದ್ರಿ? ಇಪ್ಪತ್ತಿಲೆ ಸೋಲ್ತೀವಂತ ಬರದಿದ್ರ ಇನ್ನೂ ಚಲೋ ಗೆಲ್ತಿದ್ದಿವ್ರಿ” ಅಂದಳು.

ಪಂದ್ಯ ಶುರುವಾಯಿತು. ನಮ್ಮ ಹುಡುಗಿಯರು ಮೊದಲ ಹತ್ತು ನಿಮಿಷ ಗಾಳಿಯಂತೆ ಆಡಿದರು. ಸ್ನೇಹಲ ಒಂದೇ ರೇಡಿನಲ್ಲಿ ಮೂವರನ್ನು ಮುಟ್ಟಿ ಬಂದಳು. ಅರ್ಧ ಆಟಕ್ಕೆ ಆರು ಪಾಯಿಂಟು ಮುಂದೆ. ‘ಗೆದ್ರು’ ಎನ್ನಲು ನಾನು ಬಾಯಿ ತೆರೆದೆ. ಶೋಭಾ ಸೆರಗಿನಿಂದ ನನ್ನ ಬಾಯಿ ಮುಚ್ಚಿದಳು. ಮುಂದಿನ ಪಂದ್ಯವನ್ನೆಲ್ಲ ನಾನು ಸೆರಗಿನ ಹಿಂದಿನಿಂದಲೇ ನೋಡಿದೆ.

ಎರಡನೇ ಅರ್ಧದಲ್ಲಿ ಅಥಣಿಯ ಎಡಗಡೆಯ ಕಾರ್ನರ್ ಹುಡುಗಿ ಏನು ಕಂಡಿತೋ ಏನೋ, ಸ್ನೇಹಲಳ ಪಾದ ಹಿಡಿಯುವುದನ್ನೇ ಕೆಲಸ ಮಾಡಿಕೊಂಡಿತು. ಒಂದು ಸಲ ಹಿಡಿಯಿತು. ಎರಡು ಸಲ ಹಿಡಿಯಿತು. ಮೂರನೇ ಸಲ ಹಿಡಿದಾಗ ನಮ್ಮ ಟೀಮು ಆಲೌಟ್. ನೋಡನೋಡುತ್ತ ಅಂಕ ಸರಿಸಮ ಆದವು, ಆಮೇಲೆ ಅವರವು ಮುಂದೆ ಹೋದವು. ನಾಲ್ಕು. ಐದು. ಕೊನೆಯ ರೇಡಿಗೆ ಹೋದವಳು ಸ್ನೇಹಲ. ಮತ್ತೆ ಅದೇ ಹುಡುಗಿ, ಅದೇ ಪಾದ. ಅದರ ಮೇಲೆ ಯಾವುದೋ ನಿಯಮಕ್ಕೆ ಇನ್ನೊಂದು ಅಂಕ ಹೋಯಿತು.

ಸೀಟಿ ಊದಿದರು.

ಎಷ್ಟು ಅಂಕದಿಂದ ಎಂದು ನೋಡುವ ಧೈರ್ಯ ನನಗಿರಲಿಲ್ಲ. ಮೈಕಿನವರೇ ಹೇಳಿದರು. “ಏಳು ಅಂಕಗಳ ಅಂತರದಿಂದ ಅಥಣಿ ವಿಜಯಿ” ಎಂದು ಹೇಳಿ, ಒಂದು ಕ್ಷಣ ತಡೆದು, “ಪೇಢೆ ಕಾಕಾ ಹೇಳಿದ್ದು ಖರೆ ಆತ್ರಿ” ಎಂದೂ ಸೇರಿಸಿದರು.

ಶೋಭಾ ಸೆರಗು ತೆಗೆದು ನನ್ನನ್ನೇ ನೋಡಿದಳು. “ಆರು ವರ್ಷ ಒಂದೂ ಖರೆ ಹೇಳಲಿಲ್ಲ. ನಿಮಗ ಇದಾ ದಿನಾ ಸಿಕ್ತೇನ್ರಿ?”

ಕಪ್ ಇಲ್ಲದೆ ಮನೆಗೆ ಬರುವುದಿಲ್ಲ ಎಂದಿದ್ದವಳನ್ನು ಮನೆಗೆ ಕರೆಯಲು ನನಗೆ ಬಾಯಿ ಬರಲಿಲ್ಲ. ಹಾಸ್ಟೆಲ್ಲಿನ ಗೇಟಿನವರೆಗೆ ಅವಳ ಬ್ಯಾಗು ಹೊತ್ತು ಹಿಂದೆ ಹಿಂದೆ ನಡೆದೆ. ಇನ್ನು ಸುಣ್ಣದ ಕಡ್ಡಿ ಮುಟ್ಟುವುದಿಲ್ಲ, ನನ್ನ ಕೈಯಲ್ಲೇ ಏನೋ ದೋಷ ಇದೆ, ನಿನ್ನ ಮೂರು ವರ್ಷದ ಕಷ್ಟ ನಾನು ಒಂದು ಸಾಲಿನಲ್ಲಿ ಮಣ್ಣು ಮಾಡಿದೆ ಎಂದೆಲ್ಲ ಹೇಳಿದೆ.

ಸ್ನೇಹಲ ನಿಂತಳು. ಪಾದ ಬಾತಿತ್ತು, ಕಣ್ಣು ಕೆಂಪಾಗಿದ್ದವು. ಆದರೆ ಮಾತು ಮಾತ್ರ ಮಗ್ಗದಿಂದ ಇಳಿಸಿದ ಬಟ್ಟೆಯಂತೆ ನೀಟಾಗಿತ್ತು.

“ಅಪ್ಪಾ, ಹುಚ್ಚ ಅದೀಯೇನ? ಆಕಿ ಕಾರ್ನರ್ ಭಾರೀ ಇದ್ಲು, ನಾ ನಾಕು ಸಲ ಒಂದಾ ತಪ್ಪು ಮಾಡಿದೆ, ಸೋತಿವಿ. ನೀ ಏನ್ ಬರದ್ರೂ ಸೋಲ್ತಿದ್ದಿವಿ. ನಿನ್ನ ಬೋರ್ಡ್ ನೋಡಿ ಯಾರೂ ಕಬಡ್ಡಿ ಆಡೂದಿಲ್ಲ. ಅದಕ್ಕ ಅಷ್ಟೆಲ್ಲ ಕಿಮ್ಮತ್ತಿಲ್ಲ.”

ನಂತರ ಬ್ಯಾಗನ್ನು ನನ್ನ ಹೆಗಲಿಗೆ ಮತ್ತೆ ಏರಿಸಿ, “ನಡಿ, ಮನೀಗೆ ಬರ್ತೀನಿ, ಹಸಿವಾಗೈತಿ” ಅಂದಳು.

ಒಂದೇ ಮೋಟರ್‌ಸೈಕಲ್ ಮೇಲೆ ಮೂವರೂ ಕೂತು ಬಂದೆವು. ತಾಯಿ ಮಗಳು ಹಿಂದೆ ಕೂತು ಆ ಕಾರ್ನರ್ ಹುಡುಗಿಯ ಹಿಡಿತದ ಬಗ್ಗೆ ಮಾತಾಡುತ್ತಿದ್ದರು. ನನಗೆ ಸಮಾಧಾನ ಆಗಬೇಕಿತ್ತು, ಆಯಿತು. ಆದರೂ ನಿಮ್ಮ ಮುಂದೆ ಮುಚ್ಚಿಡುವುದೇನು? ಕಬಡ್ಡಿ ತಿಳಿದವನು ಎಂಬ ಹೆಸರು ಮುಂಜಾನೆ ಹೋದಾಗ ಬಹಳ ನೋವಾಗಿತ್ತು. ಆದರೆ ಮಧ್ಯಾಹ್ನದ ಹೊತ್ತಿಗೆ, ನಾನು ಬರೆದರೆ ಟೀಮುಗಳು ಬೀಳುತ್ತವೆ ಎಂಬುದಕ್ಕೆ ಒಳಗೊಳಗೆ ಸ್ವಲ್ಪ ಹೆಮ್ಮೆ ಹುಟ್ಟಿತ್ತು. ಅಂಥ ಶಕ್ತಿ ಸುತ್ತಿನ ನಾಲ್ಕು ತಾಲೂಕಿನಲ್ಲಿ ಇನ್ನೊಬ್ಬನಿಗೆ ಇರಲಿಕ್ಕಿಲ್ಲ ಎಂದುಕೊಂಡಿದ್ದೆ.

ಅದೂ ಇಲ್ಲವಂತೆ.